ವೀರ್ಯಾಣುವಿನ ಪಯಣ

ಹಂಪೆಯಿಂದ ಕಂಪ್ಲಿಯವರೆಗೆ ಹೊಲದ ಬೇಲಿಗಳ ಮೇಲೆ ತಲೆಯಾಡಿಸುತ್ತ ಕುಳಿತ ಓತಿಕ್ಯಾತವನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಹೆಣ್ಣು ಓತಿಕ್ಯಾತದ ಅಂಡನಾಳದಲ್ಲಿ ವೀರ್ಯಾಣುಗಳನ್ನು ಕಾಪಿಡುವ ಪುಟ್ಟ ಚೀಲಗಳಿವೆ. ಅವುಗಳ ರಚನೆಯನ್ನು ವಿವರಿಸುವ ಅಧ್ಯಯನವೊಂದು ಮೈಸೂರು ವಿಶ್ವವಿದ್ಯಾನಿಲಯದಿಂದ 1990ರಲ್ಲಿ ಪ್ರಕಟವಾಯಿತು. ಮನೆಯ ಹೇಂಟೆಯಲ್ಲಿಯೂ ಇಂಥ ಏರ್ಪಾಡುಂಟು. ಹುಂಜವನ್ನು ದೂರವಿಟ್ಟ ಮೇಲೂ ಸುಮಾರು ಎರಡು ವಾರ ಅದು ಮರಿಯಾಗಬಲ್ಲ ಮೊಟ್ಟೆಗಳನ್ನಿಡುತ್ತದೆ.

ಹಾಗಾದರೆ ಮಾನವರಲ್ಲಿ ಹೇಗೆ? ಒಂದು ಸಲಕ್ಕೆ ಹೊರಡುವ ವೀರ್ಯಾಣುಗಳು ಸಾಮಾನ್ಯವಾಗಿ ಹತ್ತು ಕೋಟಿಗೂ ಮಿಕ್ಕಿದವು. ಅಂಡನಾಳವನ್ನು ಮುಟ್ಟುವವು ಕೆಲವು ನೂರು ಮಾತ್ರ. ಯೋನಿಯ ಆಮ್ಲಗುಣವು ರೋಗಾಣುಗಳನ್ನು ತಡೆಯುವಂಥದು. ಅದರಲ್ಲಿಯೇ ಬಹುಪಾಲು ವೀರ್ಯಾಣುಗಳೂ ಅಳಿಯುತ್ತವೆ. ವೀರ್ಯದ್ರವದ ಕ್ಷಾರಗುಣ ಅವುಗಳನ್ನು ಅಲ್ಪಕಾಲ ಕಾಯುತ್ತದೆ. ಮುಂದೆ ಸಿಗುವುದು ಗರ್ಭಕಂಠ. ತಿಂಗಳಿನ ಬಹುದಿನ ಅಲ್ಲಿ ಮಂದವಾದ ಲೋಳೆ ದಾರಿಯನ್ನು ಅಡ್ಡಗಟ್ಟಿರುತ್ತದೆ. ಅಂಡಾಣು ಬಿಡುಗಡೆಯಾಗುವ ದಿನ ಸಮೀಪಿಸಿದಾಗ ಲೋಳೆ ತೆಳುವಾಗಿ, ತುಂಗಭದ್ರಾ ಕಾಲುವೆಯ ತೂಬನ್ನು ಎತ್ತಿದಂತೆ ದಾರಿ ತೆರೆಯುತ್ತದೆ. ವೀರ್ಯಾಣುಗಳು ಬಾಲ ಬಡಿಯುತ್ತ ಈಜುವುದಷ್ಟೇ ಸಾಲದು. ಗರ್ಭಕೋಶದ ಸ್ನಾಯುಗಳ ಸಂಕೋಚನವೂ ಅವುಗಳನ್ನು ಮೇಲಕ್ಕೆ ಸಾಗಿಸುತ್ತದೆ. ಅನುಕೂಲವಾದ ದಿನಗಳಲ್ಲಿ ಅವು ಒಳಗೆ ಐದು ದಿನಗಳವರೆಗೂ ಬದುಕಬಲ್ಲವು. ಅಂಡಾಣುವಿನ ಆಯುಸ್ಸಾದರೋ ಹೆಚ್ಚೆಂದರೆ ಒಂದು ದಿನ.

ಇನ್ನೊಂದು ಸೋಜಿಗವನ್ನು ಚಾಂಗ್ ಮತ್ತು ಆಸ್ಟಿನ್ ಎಂಬ ವಿಜ್ಞಾನಿಗಳು 1951ರಲ್ಲಿ ಬೇರೆಬೇರೆಯಾಗಿಯೇ ಕಂಡುಹಿಡಿದರು. ಸಸ್ತನಿಗಳ ವೀರ್ಯಾಣು ಹೆಣ್ಣಿನ ಒಡಲಿನಲ್ಲಿ ಕೆಲವು ಗಂಟೆಗಳನ್ನು ಕಳೆದ ಮೇಲೆಯೇ ಅಂಡಾಣುವನ್ನು ಹೊಗುವ ಶಕ್ತಿ ಪಡೆಯುತ್ತದೆ. ತಡೆಯುವುದು, ಕಾಯುವುದು, ಸಾಗಿಸುವುದು, ಸಿದ್ಧಗೊಳಿಸುವುದು – ಇವೆಲ್ಲವೂ ಸ್ತ್ರೀದೇಹದ ಕೆಲಸಗಳೇ.

ಕಲಾ ಕಾಲೇಜಿನ ಸಂಚಿಕೆಗೆ ಈ ವಿಷಯವೇಕೆಂದು ವಾಚಕರು ಕೇಳಬಹುದು. ಮಕ್ಕಳಾಗದಿದ್ದರೆ ನಮ್ಮ ಊರುಗಳಲ್ಲಿ 'ಬಂಜೆ' ಎಂಬ ಹೆಸರು ಹೆಣ್ಣಿಗೆ ಮಾತ್ರ. ಹರಕೆ ಹೊರುವವಳೂ ಅವಳೇ, ಮದ್ದು ಕುಡಿಯುವವಳೂ ಅವಳೇ. ಆದರೆ ದಾರಿಯೆಲ್ಲ ಸರಿಯಾಗಿದ್ದರೂ ಹೊರಡುವ ವೀರ್ಯಾಣುಗಳು ತೀರ ಕಡಿಮೆಯಾಗಿದ್ದರೆ, ಇಲ್ಲವೆ ಈಜಲಾರದವಾಗಿದ್ದರೆ, ಅವಳು ಮಾಡುವುದಾದರೂ ಏನು? ಮಕ್ಕಳಿಲ್ಲದ ದಂಪತಿಗಳ ಪೈಕಿ ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆಂದು ವೈದ್ಯರು ಹೇಳುತ್ತಾರೆ. ವೀರ್ಯಪರೀಕ್ಷೆಯು ಸುಲಭವಾದುದು, ನೋವಿಲ್ಲದುದು. ಆದುದರಿಂದ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನವೇ ಮಗನೂ ಜೊತೆಗೆ ಹೋಗಿ ಪರೀಕ್ಷಿಸಿಕೊಳ್ಳಲಿ ಎಂಬುದು ನನ್ನ ವಿನಂತಿ. ನಾಳೆ ಗೃಹಸ್ಥರಾಗಲಿರುವ ನಾವು ಇದನ್ನು ಇಂದೇ ತಿಳಿದಿರುವುದು ಒಳಿತು.