ಎಣಿಸುವ ಮೊದಲು ಒಂದು ಪ್ರಶ್ನೆ

ವೆಬ್ ಪ್ರೋಗ್ರಾಮಿಂಗ್‌ಗೆ ಈಗಷ್ಟೇ ಕೈ ಹಾಕಿದ್ದೀಯಲ್ಲ, ಒಂದು ಮಾತು ಕೇಳಿಸಿಕೋ. ಕ್ವೆರಿ ಎಷ್ಟು ಸಾಲು ಕೊಟ್ಟಿತು ಎಂದು ಎಣಿಸುವ ಮೊದಲು ‘ಈ ಸಂಖ್ಯೆ ನನಗೆ ಯಾಕೆ ಬೇಕು?’ ಎಂದು ಕೇಳಿಕೋ. ಹೇಗೆ ಎಣಿಸಬೇಕು ಎಂಬುದನ್ನು ಆ ಉತ್ತರವೇ ಹೇಳಿಕೊಡುತ್ತದೆ.

ಬರೀ ಸಂಖ್ಯೆ ಸಾಕೆಂದರೆ ಸಾಲುಗಳನ್ನೆಲ್ಲ ತರಿಸಿಕೊಂಡು, ಬಂದ ಸಾಲೆಷ್ಟು ಎಂದು ಹೇಳುವ ಪಿಎಚ್‌ಪಿಯ ‘ನಮ್_ರೋಸ್’ ಕೇಳಬೇಡ. ಐವತ್ತು ಸಾಲಿದ್ದಾಗ ಏನೂ ಗೊತ್ತಾಗುವುದಿಲ್ಲ. ಐದು ಲಕ್ಷವಾದಾಗ ಸರ್ವರ್‌ನ ಮೆಮೊರಿ ಕೈಕೊಡಬಹುದು. ‘ಸೆಲೆಕ್ಟ್ ಕೌಂಟ್(*)’ ಎಂದು ಬರೆ, ಎಣಿಸುವ ಕೆಲಸ ಡೇಟಾಬೇಸ್‌ಗಿರಲಿ.

ಹೊಸಬರು ಮುಗ್ಗರಿಸುವುದು ಇಲ್ಲೇ. ಕೌಂಟ್ ಬರೆದ ಮೇಲೂ ಅಭ್ಯಾಸಬಲದಿಂದ ನಮ್_ರೋಸ್ ಕೇಳುತ್ತಾರೆ. ಕೌಂಟ್ ಕ್ವೆರಿ ಕೊಡುವುದು ಒಂದೇ ಸಾಲು, ಉತ್ತರ ಅದರೊಳಗಿರುತ್ತದೆ. ಹಾಗಾಗಿ ಟೇಬಲ್ ಖಾಲಿಯಿದ್ದರೂ ನಮ್_ರೋಸ್ 1 ಎನ್ನುತ್ತದೆ. ಲಾಗಿನ್ ಪುಟದಲ್ಲಿ ಹೀಗೆ ಬರೆದರೆ ಇಲ್ಲದ ಬಳಕೆದಾರನಿಗೂ ಬಾಗಿಲು ತೆರೆದಂತೆಯೇ!

ಕೌಂಟ್‌ನ ಆವರಣದೊಳಗೆ ಏನು ಬರೆಯುತ್ತೀಯ ಎಂಬುದರ ಮೇಲೂ ನಿಗಾ ಇರಲಿ. 100 ಗ್ರಾಹಕರಲ್ಲಿ 30 ಮಂದಿಯ ಫೋನ್ ಕಾಲಂ ನಲ್ ಆಗಿದ್ದರೆ, ಅಂದರೆ ಅದರಲ್ಲಿ ಏನೂ ತುಂಬಿಲ್ಲದಿದ್ದರೆ, ಕೌಂಟ್(*) 100 ಎಂದರೆ ಕೌಂಟ್(ಫೋನ್) 70 ಎನ್ನುತ್ತದೆ. ಎರಡೂ ಸರಿಯೇ, ನೀನು ಕೇಳಿದ್ದು ಬೇರೆ ಬೇರೆ ಪ್ರಶ್ನೆ.

ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕೇ? ‘ಎಕ್ಸಿಸ್ಟ್ಸ್’ ಬಳಸು, ಮೊದಲ ಸಾಲು ಸಿಕ್ಕೊಡನೆ ಹುಡುಕಾಟ ನಿಲ್ಲುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕಲ್ಲವೇ? ಆದರೆ ಒಂದೇ ಇಮೇಲ್ ಎರಡು ಸಲ ಸೇರಬಾರದು ಎಂಬುದು ಉದ್ದೇಶವಾದರೆ ಎಣಿಕೆಯನ್ನು ನಂಬಬೇಡ. ನೀನು ಎಣಿಸಿ ಸೇರಿಸುವಷ್ಟರಲ್ಲಿ ಇನ್ನೊಂದು ಕೋರಿಕೆ ಅದೇ ಇಮೇಲ್ ಸೇರಿಸಿಬಿಡಬಹುದು. ಯೂನಿಕ್ ಇಂಡೆಕ್ಸ್ ಹಾಕು. ನೇರವಾಗಿ ಇನ್ಸರ್ಟ್ ಮಾಡಿ, ಎರರ್ ಬಂದರೆ ಅದನ್ನು ಹಿಡಿ.

‘ಮುಂದಿನ ಪುಟ’ ಬಟನ್ ತೋರಿಸಲೋ ಬೇಡವೋ ಎಂಬುದಕ್ಕೂ ಒಟ್ಟು ಲೆಕ್ಕ ಬೇಕಿಲ್ಲ. ಪುಟಕ್ಕೆ 10 ಸಾಲಾದರೆ 11 ತರಿಸು. ಹನ್ನೊಂದನೆಯದು ಬಂದರೆ ಮುಂದೆ ಇನ್ನೂ ಇದೆ ಎಂದರ್ಥ.

ಸಾಲುಗಳೂ ಬೇಕು, ಅವುಗಳ ಲೆಕ್ಕವೂ ಬೇಕು ಎಂದಾದರೆ ಎಲ್ಲವನ್ನೂ ಅರೇಗೆ ತಂದುಕೊಂಡು ಅದನ್ನೇ ಎಣಿಸು. ಪಿಎಚ್‌ಪಿಯಿಂದ ಡೇಟಾಬೇಸ್ ಬಳಸಲು ಇರುವ ಪಿಡಿಒದ ‘ರೋಕೌಂಟ್’ ಇರುವುದು ಅಪ್‌ಡೇಟ್, ಡಿಲೀಟ್‌ನಂಥವು ಎಷ್ಟು ಸಾಲು ಮುಟ್ಟಿದವು ಎಂದು ಹೇಳಲು. ಸೆಲೆಕ್ಟ್‌ಗೆ ಅದು ಎಲ್ಲ ಡೇಟಾಬೇಸ್‌ಗಳಲ್ಲೂ ಸರಿಯಾದ ಉತ್ತರ ಕೊಡುತ್ತದೆಂಬ ಖಾತ್ರಿಯಿಲ್ಲ. ಹಳೆಯ ಪಾಠಗಳಲ್ಲಿ ಸಿಗುವ ‘ಮೈಎಸ್‌ಕ್ಯೂಎಲ್_ನಮ್_ರೋಸ್’ ಅನ್ನಂತೂ ನಕಲು ಮಾಡಬೇಡ. 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಅದನ್ನು ತೆಗೆದುಹಾಕಿದ್ದಾರೆ.

ಇವತ್ತೇ ನಿನ್ನ ಕೋಡ್ ತೆರೆದು ಎಣಿಕೆ ಮಾಡಿದ ಜಾಗಗಳನ್ನೆಲ್ಲ ಹುಡುಕು. ಒಂದೊಂದರ ಪಕ್ಕದಲ್ಲೂ ಆ ಸಂಖ್ಯೆ ಯಾಕೆ ಬೇಕೆಂದು ಒಂದು ಸಾಲು ಕಾಮೆಂಟ್ ಬರೆ. ಬರೆಯಲು ಏನೂ ತೋಚದಿದ್ದರೆ ಆ ಎಣಿಕೆಯನ್ನೇ ಅಳಿಸಿಹಾಕು.