ಹಳೆಯ ಟ್ರ್ಯಾಕ್ಟರ್ ಪಂದ್ಯದ ಸ್ಲೆಡ್: ದುರಸ್ತಿ ಮತ್ತು ಸುಧಾರಣೆ

ಟ್ರ್ಯಾಕ್ಟರಿನ ಎಳೆಯುವ ಶಕ್ತಿಯನ್ನು ಒರೆಗೆ ಹಚ್ಚುವ ಪಂದ್ಯಗಳು ಅಮೆರಿಕದ ಗ್ರಾಮೀಣ ಮೇಳಗಳಲ್ಲಿ ಬಹು ಜನಪ್ರಿಯ. ಮಿಸೌರಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ 1929ರಲ್ಲಿಯೇ ಇಂಥ ಪಂದ್ಯ ನಡೆದಿತ್ತು. 1969ರಲ್ಲಿ ಏಕರೂಪದ ನಿಯಮಗಳಿಗಾಗಿ ರಾಷ್ಟ್ರೀಯ ಸಂಘವೊಂದು ಸ್ಥಾಪನೆಯಾಯಿತು. ಪಂದ್ಯದಲ್ಲಿ ಎಳೆಯಬೇಕಾದ ಭಾರದ ಬಂಡಿಗೆ ‘ಸ್ಲೆಡ್’ ಎಂದು ಹೆಸರು. ಹಳೆಯ ಸ್ಲೆಡ್‌ಗಳನ್ನು ದುರಸ್ತಿ ಮಾಡಿ ಬಳಸುವ ರೂಢಿ ಅಲ್ಲಿದೆ. ಈ ಕೆಲಸದಲ್ಲಿ ನಮ್ಮ ರೈತ ಬಾಂಧವರೂ ತಿಳಿಯಬೇಕಾದ ಪಾಠವಿದೆ.

ಕೆಲಸ ಮಾಡುವ ಬಗೆ

ಸ್ಲೆಡ್‌ನ ಹಿಂಭಾಗ ಚಕ್ರಗಳ ಮೇಲೂ ಮುಂಭಾಗ ದಪ್ಪ ಉಕ್ಕಿನ ತಟ್ಟೆಯ ಮೇಲೂ ನಿಂತಿರುತ್ತದೆ. ಆರಂಭದಲ್ಲಿ ತೂಕದ ಪೆಟ್ಟಿಗೆ ಚಕ್ರಗಳ ಮೇಲಿರುವುದರಿಂದ ಎಳೆತ ಹಗುರ. ಬಂಡಿ ಸಾಗಿದಂತೆ ಅದರ ಚಕ್ರಗಳೇ ಗೇರು, ಸರಪಳಿಗಳ ಮೂಲಕ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸುತ್ತವೆ. ಆಗ ತಟ್ಟೆ ನೆಲಕ್ಕೆ ಒತ್ತಿ, ಘರ್ಷಣೆ ಏರುತ್ತಾ ಹೋಗಿ, ಕೊನೆಗೆ ಟ್ರ್ಯಾಕ್ಟರ್ ನಿಲ್ಲುತ್ತದೆ. ಸಾಮಾನ್ಯವಾಗಿ 300 ಅಡಿ ಎಳೆದರೆ ಪೂರ್ಣ ಎಳೆತ.

ದುರಸ್ತಿಯ ಕ್ರಮ

1. ಚೌಕಟ್ಟು: ಹಳೆಯ ಬಣ್ಣ ಮತ್ತು ತುಕ್ಕನ್ನು ಕೆರೆದು ತೆಗೆದು ಪ್ರತಿಯೊಂದು ಬೆಸುಗೆಯನ್ನೂ ಪರೀಕ್ಷಿಸಬೇಕು. ಬಿರುಕಿನ ಮೇಲೆ ಬಣ್ಣ ಬಳಿದರೆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

2. ಪೆಟ್ಟಿಗೆ: ಅದು ಓಡಾಡುವ ಹಳಿ, ಉರುಳೆ, ಬೇರಿಂಗ್, ಸರಪಳಿಗಳಲ್ಲಿ ಸವೆದವುಗಳನ್ನು ಬದಲಿಸಬೇಕು. ಪೆಟ್ಟಿಗೆ ತಡೆದು ತಡೆದು ಸಾಗಿದರೆ ಎಲ್ಲ ಟ್ರ್ಯಾಕ್ಟರುಗಳಿಗೂ ಭಾರ ಸಮನಾಗಿ ಏರದು.

3. ತಟ್ಟೆ: ತಳ ಸವೆದಿದ್ದರೆ ಹೊಸ ಉಕ್ಕಿನ ತಗಡನ್ನು ಬೆಸೆಯಬೇಕು.

4. ಸುಧಾರಣೆ: ಬಂಡಿ ತಾನೇ ಹಿಂದಿರುಗಲು ಎಂಜಿನ್ ಹಾಗೂ ತಟ್ಟೆಯನ್ನು ಎತ್ತಲು ಹೈಡ್ರಾಲಿಕ್ ವ್ಯವಸ್ಥೆ ಅಳವಡಿಸಬಹುದು. ಇವುಗಳಿಂದ ತೂಕ ಹೆಚ್ಚುವುದರಿಂದ ಅಚ್ಚು, ಟೈರುಗಳ ಸಾಮರ್ಥ್ಯವನ್ನು ಮತ್ತೆ ಲೆಕ್ಕ ಹಾಕಬೇಕು.

5. ಸುರಕ್ಷತೆ: ಪಂದ್ಯದ ಟ್ರ್ಯಾಕ್ಟರಿನ ಎಂಜಿನ್ ನಿಲ್ಲಿಸುವ ಸ್ವಿಚ್ಚನ್ನು ತಂತಿಯಿಂದ ಸ್ಲೆಡ್‌ಗೆ ಜೋಡಿಸುತ್ತಾರೆ. ಕೊಂಡಿ ಕಳಚಿದರೆ ತಂತಿ ಸ್ವಿಚ್ಚನ್ನು ಎಳೆದು ಎಂಜಿನ್ ನಿಲ್ಲಿಸುತ್ತದೆ. ತಂತಿ ಕಟ್ಟುವ ಜಾಗ ಭದ್ರವಾಗಿರಬೇಕು. ಬಣ್ಣದ ಕೆಲಸ ಇದೆಲ್ಲದರ ನಂತರ.

ನಮ್ಮ ಹೊಲಕ್ಕೆ ಪಾಠ

ಪಂದ್ಯಗಳಲ್ಲಿ ಟ್ರ್ಯಾಕ್ಟರಿನ ಕೊಂಡಿಯ ಎತ್ತರಕ್ಕೆ ಮಿತಿಯಿದೆ. ಎಳೆತದ ಜಾಗ ಮೇಲೇರಿದಷ್ಟೂ ಮುಂಚಕ್ರಗಳು ನೆಲ ಬಿಡುತ್ತವೆ. ಹೊಲದಲ್ಲಿ ಮರದ ಬೊಡ್ಡೆ ಕೀಳುವಾಗಲೂ ಇದೇ ನಿಯಮ. ಸರಪಳಿಯನ್ನು ಹಿಂದಿನ ಅಚ್ಚಿಗಾಗಲಿ ಅದಕ್ಕಿಂತ ಮೇಲಕ್ಕಾಗಲಿ ಕಟ್ಟಿದರೆ ಟ್ರ್ಯಾಕ್ಟರ್ ಕ್ಷಣಾರ್ಧದಲ್ಲಿ ಹಿಂದಕ್ಕೆ ಮಗುಚಿ ಚಾಲಕನ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಕೆಳಗಿನ ಡ್ರಾಬಾರ್‌ಗೆ ಮಾತ್ರ ಕಟ್ಟಿರಿ. ಕ್ಲಚ್ಚನ್ನು ನಿಧಾನವಾಗಿ ಬಿಡಿರಿ. ಬೊಡ್ಡೆ ಅಲುಗದಿದ್ದರೆ ಎಂಜಿನ್ನಿನ ವೇಗ ಏರಿಸದೆ, ಸುತ್ತಲಿನ ಮಣ್ಣು ಬಿಡಿಸಿ ಬೇರು ಕತ್ತರಿಸಿರಿ. ಸರಪಳಿ ತುಂಡಾದರೆ ಸಿಡಿಯುತ್ತದೆ; ಮಕ್ಕಳನ್ನೂ ಕೆಲಸದವರನ್ನೂ ದೂರ ನಿಲ್ಲಿಸಿರಿ.