ಅಭಿಮಾನಸಮರ್ಪಣೆ

ಶರಣರ ವಚನಗಳಲ್ಲಿ ಅರ್ಥ, ಪ್ರಾಣ, ಅಭಿಮಾನ ಎಂಬ ಮೂರು ಪದಗಳು ಒಟ್ಟಾಗಿ ಬರುವುದನ್ನು ವಾಚಕರು ಬಲ್ಲರು. ಭಕ್ತನಾದವನು ಈ ಮೂರನ್ನೂ ಗುರುಲಿಂಗಜಂಗಮಕ್ಕೆ ಸಮರ್ಪಿಸಬೇಕೆಂಬುದು ಶರಣಧರ್ಮದ ಕಟ್ಟಳೆ. ಅರ್ಥವೆಂದರೆ ಧನ, ಪ್ರಾಣವೆಂದರೆ ಜೀವ, ಇಲ್ಲಿ ಸಂದೇಹವಿಲ್ಲ. ಅಭಿಮಾನವೆಂದರೇನೆಂದು ವಿದ್ಯಾರ್ಥಿಗಳನ್ನು ಕೇಳಿದರೆ ಅಹಂಕಾರವೆಂಬ ಉತ್ತರ ಬರುತ್ತದೆ. ಇದು ಅರೆಯರ್ಥ. ಮನೆತನದ ಮರ್ಯಾದೆಯೆಂದು ನಾವು ಕಾಯ್ದುಕೊಂಡು ಬಂದ ಬಿಗಿ, ಪರರ ಮುಂದೆ ಕೈಯೊಡ್ಡಲಾರೆನೆಂಬ ಹಟ, ಇವೂ ಅಭಿಮಾನವೇ. ಇದನ್ನು ಬಿಟ್ಟುಕೊಡುವುದು ಎಷ್ಟು ದುಸ್ತರವೆಂಬುದನ್ನು ತಿಳಿಯಬೇಕಾದರೆ ರೋಗಿಯಿರುವ ಮನೆಯನ್ನು ನೋಡಬೇಕು.

ಬೆಂಗಳೂರಿನ ಉತ್ತರಭಾಗದಲ್ಲಿ, ಯಲಹಂಕ ಹೆಬ್ಬಾಳ ಯಶವಂತಪುರಗಳ ಕಡೆ, ಅತ್ತ ಬಡವರೂ ಅಲ್ಲದ ಇತ್ತ ಉಳ್ಳವರೂ ಅಲ್ಲದ ಭಕ್ತಕುಟುಂಬಗಳು ಬಹಳ. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗನು ಪೀಣ್ಯದ ಕಾರ್ಖಾನೆಗೆ ಹೋಗುತ್ತಾನೆ. ಸೊಸೆ ಮನೆಯಲ್ಲಿಯೇ ಹೊಲಿಗೆ ಮಾಡುತ್ತಾಳೆ. ತಾಯಿಗೆ ಕ್ಯಾನ್ಸರ್ ರೋಗವೆಂದು ವೈದ್ಯರು ನಿರ್ಣಯಿಸುತ್ತಾರೆ. ಬಡತನದ ರೇಖೆಗಿಂತ ಕೆಳಗಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು. ರೇಖೆಯ ಮೇಲಿನವರಿಗೆ ಗೊತ್ತುಪಡಿಸಿದ ವೆಚ್ಚದಲ್ಲಿ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಮಿಕ್ಕದ್ದು ಮನೆಯ ಹೊರೆ. ಯೋಜನೆಯ ಪಟ್ಟಿಯಲ್ಲಿಲ್ಲದ ಔಷಧಿಯನ್ನು ಬರೆದರೆ ಹೊರೆಯೆಲ್ಲವೂ ಮನೆಯವರದೇ.

ಈ ಮನೆಯಲ್ಲಿ ಮುಂದೆ ನಡೆಯುವುದೇನು? ಮೊದಲು ಸೊಸೆಯ ಒಡವೆ ಗಿರವಿಗೆ ಹೋಗುತ್ತದೆ. ಬಳಿಕ ಬಡ್ಡಿಯ ಸಾಲ. ಆಮೇಲೆ ಊರಿನಲ್ಲಿರುವ ತುಂಡುಭೂಮಿ. ಒಡಹುಟ್ಟಿದವರಿಗೂ ಬೀಗರಿಗೂ ತಿಳಿಸುವುದು ಎಲ್ಲ ಮುಗಿದ ಮೇಲೆ! ಅರ್ಥವನ್ನು ಕೊಟ್ಟಾಯಿತು, ಪ್ರಾಣ ಸಂಕಟದಲ್ಲಿದೆ, ಅಭಿಮಾನವೊಂದು ಮಾತ್ರ ಭದ್ರವಾಗಿ ಕುಳಿತಿದೆ. ಈ ರೋಗದಲ್ಲಿ ಕಾಲಹರಣಕ್ಕೆ ತೆರಬೇಕಾದ ಬೆಲೆ ಬಹು ದೊಡ್ಡದು.

ಕೇಳುವುದು ಭಿಕ್ಷೆಯಲ್ಲವೇ ಎಂದು ಕೆಲವರು ಶಂಕಿಸುವರು. ದಾಸೋಹಕ್ಕೂ ದಾನಕ್ಕೂ ಇರುವ ಭೇದವನ್ನು ಅರಿತವರಿಗೆ ಈ ಶಂಕೆಯಿರದು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಾದರೋ ಧನವು ಶಿವನದು. ಭಕ್ತನು ಅದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವ ಸೇವಕ. ತನ್ನದಲ್ಲದ್ದನ್ನು ಕೊಟ್ಟವನಿಗೆ ಗರ್ವವೆಲ್ಲಿಯದು, ಪಡೆದವನಿಗೆ ನಾಚಿಕೆಯೆಲ್ಲಿಯದು? ನಮ್ಮ ಮಠಗಳ ಜೋಳಿಗೆಯನ್ನೇ ನೋಡಿರಿ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ನಡೆಯುತ್ತಿರುವ ದಾಸೋಹವು ಭಕ್ತರ ಮನೆಮನೆಯ ದವಸದಿಂದ ಬೆಳೆದದ್ದು. ಇಳಕಲ್ಲಿನ ಮಹಾಂತ ಸ್ವಾಮಿಗಳಂತೂ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಬೇಡಿದರು.

ಆದರೆ ಬೇಡುವುದಕ್ಕೂ ಒಂದು ಮೇರೆಯುಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದ ಕಥೆ ಪ್ರಸಿದ್ಧವಾಗಿದೆ. ಕೇಳುವ ಮನೆಯವರು ಇದನ್ನು ಹೀಗೆ ಆಚರಿಸಬಹುದು. ವೈದ್ಯರಿಂದ ವೆಚ್ಚದ ಅಂದಾಜುಪತ್ರವನ್ನು ಬರೆಯಿಸಿಕೊಂಡು ಅದನ್ನೇ ಬಂಧುಗಳಿಗೆ ತೋರಿಸುವುದು. ಮುಖ್ಯಮಂತ್ರಿಗಳ ಪರಿಹಾರನಿಧಿಗೆ ಅರ್ಜಿ ಹಾಕುವಾಗಲೂ ಅದು ಬೇಕಾಗುತ್ತದೆ. ಚಿಕಿತ್ಸೆಯು ಕಂತುಕಂತಾಗಿ ನಡೆಯುವುದರಿಂದ ಹಣವನ್ನೂ ಕಂತಾಗಿಯೇ ಕೇಳುವುದು. ಆದಷ್ಟು ಮಟ್ಟಿಗೆ ಆಸ್ಪತ್ರೆಯ ಲೆಕ್ಕಕ್ಕೇ ನೇರವಾಗಿ ಕಟ್ಟಿಸುವುದು. ಬಂದದ್ದು, ಹೋದದ್ದು ಒಂದು ಪುಸ್ತಕದಲ್ಲಿರಲಿ. ಮಿಕ್ಕರೆ, ಕೊಟ್ಟವರಿಗೆ ತಿಳಿಸಿ ಇನ್ನೊಬ್ಬ ರೋಗಿಯ ಮನೆಗೆ ಮುಟ್ಟಿಸಲಿ.

ಕೊಡುವವರಿಗೂ ಒಂದು ಮಾತು. ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಸಂಸ್ಥೆ 1973ರಿಂದ ನಾಡಿನ ಕ್ಯಾನ್ಸರ್ ರೋಗಿಗಳಿಗೆ ಆಸರೆಯಾಗಿದೆ. ಯಲಹಂಕದಿಂದ ಅಲ್ಲಿಗೆ ಇಡೀ ನಗರವನ್ನು ದಾಟಬೇಕು. ವಿಕಿರಣಚಿಕಿತ್ಸೆಯಾದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರಗಳ ಕಾಲ. ಜೊತೆಗೆ ಹೋಗುವ ಮಗನ ದಿನಗೂಲಿಯೂ ಖೋತಾ. ಹಣವಿಲ್ಲದ ನೆಂಟನು ವಾರಕ್ಕೊಂದು ದಿನ ಆ ತಾಯಿಯ ಜೊತೆ ಹೋಗಿ ಬಂದರೆ ಅದು ಕಾಯಕವೂ ಹೌದು, ದಾಸೋಹವೂ ಹೌದು. ಹತ್ತು ಜನರೆದುರು ನೋಟುಗಳನ್ನೆಣಿಸಿ ಕೊಟ್ಟು, ಹೋದಲ್ಲೆಲ್ಲ ಅದನ್ನು ಹೇಳಿಕೊಂಡು ತಿರುಗುವವನಿಗಿಂತ ಇವನೇ ಮೇಲೆಂದು ನನ್ನ ಮತ.

ಇನ್ನು ತಾಯಿಯ ಮಾತು. “ನನಗೆ ವಯಸ್ಸಾಯಿತು, ನನಗಾಗಿ ಮಕ್ಕಳ ಅನ್ನಕ್ಕೆ ಕಲ್ಲು ಹಾಕಬೇಡ ಕಣಪ್ಪ” ಎಂದು ಅವರು ಚಿಕಿತ್ಸೆಯನ್ನೇ ನಿರಾಕರಿಸುವುದುಂಟು. ಮಗನಾದವನು ಇಲ್ಲಿ ಎರಡನ್ನು ವಿವೇಚಿಸಬೇಕು. ವೆಚ್ಚದ ಅಂಜಿಕೆಯಿಂದ ಬೇಡವೆನ್ನುತ್ತಿದ್ದಾರೆಯೇ? ಹಾಗಾದರೆ ಅದೂ ಅಭಿಮಾನದ ಇನ್ನೊಂದು ಮುಖ. ಇಷ್ಟಲಿಂಗವನ್ನು ಧರಿಸಿದ ಕಾಯವನ್ನು ಉಪೇಕ್ಷಿಸಲಾಗದೆಂದು ತಿಳಿಯಹೇಳಿ, ಅಂದಾಜುಪತ್ರವನ್ನೂ ಬಂಧುಗಳು ಒಪ್ಪಿಕೊಂಡ ಮೊತ್ತವನ್ನೂ ಅವರ ಮುಂದಿಡಬೇಕು. ರೋಗದ ಸ್ಥಿತಿಯನ್ನು ವೈದ್ಯರ ಬಾಯಿಂದಲೇ ಕೇಳಿ, ಅರಿತು, ಸಾಕೆನ್ನುತ್ತಿದ್ದಾರೆಯೇ? ಆಗ ಲೋಕಾಪವಾದಕ್ಕೆ ಹೆದರಿ ಸಾಲ ಮಾಡಿ ಅವರ ದೇಹವನ್ನು ದಂಡಿಸುವುದು ಭಕ್ತಿಯಲ್ಲ. ನೋವನ್ನು ಶಮನಗೊಳಿಸುವ ಚಿಕಿತ್ಸೆ ಬೇರೆಯೇ ಉಂಟು, ಕಿದ್ವಾಯಿಯಲ್ಲಿಯೂ ಅದು ದೊರೆಯುತ್ತದೆ. ಅದಕ್ಕೆ ತಗಲುವ ಔಷಧಿಗೂ ಶುಶ್ರೂಷೆಗೂ ಬಂಧುಗಳನ್ನು ಇದೇ ರೀತಿಯಲ್ಲಿ ಕೇಳಬಹುದು.